ತಿಂಗಳಿಗೊಂದು ಅಳತೆಯ ಹಾಸಿಗೆ

“ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಗಾದೆ ವೇದಕ್ಕೆ ಸಮಾನವೆಂಬುದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದರೆ ಈ ಗಾದೆಯನ್ನು ಕಟ್ಟಿದವರ ಮನೆಯಲ್ಲಿ ಹಾಸಿಗೆಯ ಅಳತೆ ಬದಲಾಗುತ್ತಿರಲಿಲ್ಲವೆಂದು ತೋರುತ್ತದೆ. ಹಾಸಿಗೆ ಚಿಕ್ಕದಾದರೆ ಕಾಲು ಮಡಿಸಿ ಮಲಗಬಹುದು. ಅದು ಬಡತನ, ಕಷ್ಟವಾದರೂ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಈ ತಿಂಗಳು ಆರು ಮೊಳ, ಬರುವ ತಿಂಗಳು ಮೂರು ಮೊಳ, ಅದರ ಮುಂದಿನ ತಿಂಗಳು ಎಷ್ಟೆಂದು ಯಾರೂ ಹೇಳಲಾರದ ಹಾಸಿಗೆಯ ಮೇಲೆ ಮಲಗುವವರು ಕಾಲನ್ನು ಎಷ್ಟು ಚಾಚಬೇಕು, ಎಷ್ಟು ಮಡಿಸಬೇಕು? ಈ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ.

ನಾನು ಬರೆಯಹೊರಟಿರುವುದು ಅಂತಹ ಹಾಸಿಗೆಯ ಮೇಲೆ ಮಲಗುವವರ ವಿಷಯ. ಅಂದರೆ ಮನೆಮನೆಗೆ ಹೋಗಿ ಕಸ ಗುಡಿಸಿ, ನೆಲ ಒರೆಸಿ, ಪಾತ್ರೆ ತೊಳೆದು ಬದುಕುವ ಹೆಂಗಸರ ವಿಷಯ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಇದು ತಕ್ಕ ವಿಷಯವೇ ಎಂದು ಕೆಲವು ಸಹಪಾಠಿಗಳು ಕೇಳಿದರು. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ರಾಷ್ಟ್ರೀಯ ಆದಾಯ, ಬೇಡಿಕೆ, ಪೂರೈಕೆ ಎಂಬ ಮಾತುಗಳನ್ನು ಮೂರು ವರ್ಷ ಕೇಳಿದ್ದೇವೆ. ಆ ಮಾತುಗಳು ನಮ್ಮ ಮನೆಯ ಒಲೆಯ ಮುಂದೆಯೂ ನಿಜವಾಗಬೇಕಾದರೆ ಅವುಗಳನ್ನು ಅಲ್ಲಿಗೂ ಒಯ್ದು ನೋಡಬೇಕಲ್ಲವೇ? ಅಲ್ಲದೆ ನನ್ನ ಪುಸ್ತಕ, ನನ್ನ ಶುಲ್ಕ, ನಾನು ಈ ಲೇಖನ ಬರೆಯುತ್ತಿರುವ ಕಾಗದ ಎಲ್ಲವೂ ಬಂದದ್ದು ಅವ್ವನ ಪೊರಕೆಯಿಂದ. ನಮ್ಮ ಮನೆತನದಲ್ಲಿ ಪದವಿಯ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಭಾನುವಾರಗಳಲ್ಲಿಯೂ ಹಬ್ಬದ ಮುಂಚಿನ ದಿನಗಳಲ್ಲಿಯೂ ನಾನೂ ಅವ್ವನೊಡನೆ ಹೋಗಿ ನೆಲ ಒರೆಸಿದವಳೇ. ಆದುದರಿಂದ ಕೇಳಿದ್ದಕ್ಕಿಂತ ಕಂಡದ್ದನ್ನೇ ಹೆಚ್ಚಾಗಿ ಹೇಳುತ್ತೇನೆ.

ನಮ್ಮ ಊರು ಯರಗೇರಾ. ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ದಾರಿಯಲ್ಲಿದೆ. ಊರಲ್ಲಿ ಈಗ ವಿಶ್ವವಿದ್ಯಾಲಯದ ಆವರಣವೇ ಇದ್ದರೂ, ದುಡಿಯುವವರ ಹೊಟ್ಟೆ ಇನ್ನೂ ಹೊಲವನ್ನೂ ರಾಯಚೂರು ಪೇಟೆಯನ್ನೂ ನಂಬಿಕೊಂಡಿದೆ. ಅವ್ವ ಊರಲ್ಲಿ ಒಂದೆರಡು ಮನೆ, ಪೇಟೆಯಲ್ಲಿ ಉಳಿದ ಮನೆ ಎಂದು ದಿನವನ್ನು ಹಂಚಿಕೊಂಡಿದ್ದಾಳೆ. ೨೦೨೩ರ ಜೂನ್ ೧೧ರಂದು ‘ಶಕ್ತಿ’ ಯೋಜನೆ ಆರಂಭವಾಗಿ ಸರಕಾರಿ ಬಸ್ಸಿನಲ್ಲಿ ಹೆಂಗಸರ ಪ್ರಯಾಣ ಉಚಿತವಾದ ಮೇಲೆಯೇ ಇದು ಸಾಧ್ಯವಾಯಿತು. ಅದಕ್ಕೆ ಮುಂಚೆ ದಿನದ ಬಸ್ ಚಾರ್ಜು ಒಂದು ಮನೆಯ ದುಡಿಮೆಯ ದೊಡ್ಡ ಪಾಲನ್ನು ನುಂಗಿಬಿಡುತ್ತಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಅವ್ವ ಯಾರ ಮನೆಯ ಆಳೂ ಅಲ್ಲ. ಒಬ್ಬ ಯಜಮಾನ, ಒಬ್ಬ ಸೇವಕಿ ಎಂಬ ಹಳೆಯ ಚಿತ್ರ ಇಲ್ಲಿ ಹೊಂದುವುದಿಲ್ಲ. ಆರೋ ಏಳೋ ಮನೆಗಳನ್ನು ಹಿಡಿದು, ಪ್ರತಿಯೊಂದರೊಡನೆ ಬೇರೆ ಬೇರೆ ಮಾತು ಮಾಡಿಕೊಂಡು, ತನ್ನ ಹೊತ್ತನ್ನು ತಾನೇ ಹೊಂದಿಸಿಕೊಂಡು ನಡೆಸುವ ಸ್ವಂತ ಕಸುಬು ಇದು. ಪೇಟೆಯ ದರ್ಜಿಗೆ ಗಿರಾಕಿಗಳಿರುವಂತೆ ಇವಳಿಗೂ ಮನೆಗಳಿವೆ. ದರ್ಜಿಗಾದರೆ ಒಬ್ಬ ಗಿರಾಕಿ ತಪ್ಪಿದರೆ ಒಂದು ಅಂಗಿ ತಪ್ಪಿತು. ಇವಳಿಗೆ ಒಂದು ಮನೆ ತಪ್ಪಿದರೆ ತಿಂಗಳ ಆರನೆಯ ಒಂದು ಪಾಲು ತಪ್ಪುತ್ತದೆ. ಗಿರಾಕಿಗಳು ಇಷ್ಟು ಕಡಿಮೆ ಇರುವ ಕಸುಬಿನಲ್ಲಿ ಒಬ್ಬೊಬ್ಬರ ಬರುವಿಕೆ ಹೋಗುವಿಕೆಯೂ ಭೂಕಂಪವಾಗುತ್ತದೆ.

ಲೆಕ್ಕವಿಲ್ಲದ ಮಾತು ಗಾಳಿಮಾತು. ಆದುದರಿಂದ ಲೆಕ್ಕವನ್ನೇ ವಾಚಕರ ಮುಂದಿಡುತ್ತೇನೆ. ೨೦೨೪ರ ಜೂನ್‌ನಿಂದ ೨೦೨೫ರ ಮೇ ವರೆಗೆ ಅವ್ವನ ಮನೆಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟೆ. ಒಂದು ಮನೆಗೆ ತಿಂಗಳಿಗೆ ಸುಮಾರು ೧,೨೦೦ ರೂಪಾಯಿ. ಜೂನ್‌ನಲ್ಲಿ ೫ ಮನೆ, ೬,೦೦೦ ರೂಪಾಯಿ. ಜುಲೈಯಲ್ಲಿ ೬ ಮನೆ, ೭,೨೦೦. ಆಗಸ್ಟ್‌ನಲ್ಲಿ ೭ ಮನೆ, ೮,೪೦೦. ಸೆಪ್ಟೆಂಬರಿನಲ್ಲಿ ೭ ಮನೆಯ ಜೊತೆಗೆ ದಸರೆಯ ಮುಂಚಿನ ಸುಣ್ಣಬಣ್ಣ, ಜಾಡು, ತೊಳೆಯುವ ಬಿಡಿ ಕೆಲಸ ಸೇರಿ ೧೦,೦೦೦. ಅಕ್ಟೋಬರಿನಲ್ಲಿ ೮ ಮನೆ ಮತ್ತು ದಸರೆ, ದೀಪಾವಳಿಯ ಬಿಡಿ ಕೆಲಸ, ೧೨,೦೦೦. ನವೆಂಬರ್, ಡಿಸೆಂಬರ್, ಜನವರಿ ಈ ಮೂರು ತಿಂಗಳೂ ೭ ಮನೆ, ತಿಂಗಳಿಗೆ ೮,೪೦೦. ಫೆಬ್ರವರಿಯಲ್ಲಿ ೬ ಮನೆ, ೭,೨೦೦. ಮಾರ್ಚಿಯಲ್ಲಿ ೬ ಮನೆ ಮತ್ತು ಯುಗಾದಿಯ ಬಿಡಿ ಕೆಲಸ, ೯,೨೦೦. ಏಪ್ರಿಲ್‌ನಲ್ಲಿ ೪ ಮನೆ, ೪,೮೦೦. ಮೇ ತಿಂಗಳಲ್ಲಿ ೩ ಮನೆ, ೩,೬೦೦.

ವರ್ಷದ ಮೊತ್ತ ೯೩,೬೦೦ ರೂಪಾಯಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸರಾಸರಿ ೭,೮೦೦. ಅಪ್ಪನ ಕೂಲಿ ಮಳೆಯನ್ನೂ ಹತ್ತಿಯನ್ನೂ ನಂಬಿದ್ದು. ಅದನ್ನೂ ಗೃಹಲಕ್ಷ್ಮಿಯ ಹಣವನ್ನೂ ಈ ಲೆಕ್ಕದಿಂದ ಹೊರಗಿಟ್ಟಿದ್ದೇನೆ. ಮನೆಯ ಖರ್ಚಿನಲ್ಲಿ ಅವ್ವನ ಪಾಲಿಗೆ ಬರುವುದು ತಿಂಗಳಿಗೆ ಸುಮಾರು ೭,೦೦೦. ಹಾಗಾದರೆ ವರ್ಷದ ಕೊನೆಗೆ ೯,೬೦೦ ರೂಪಾಯಿ ಉಳಿಯಬೇಕು. ಕಾಗದದ ಮೇಲೆ ನಾವು ಉಳಿತಾಯದ ಕುಟುಂಬ! ಆದರೆ ಆ ಮೇ ತಿಂಗಳಲ್ಲಿ ಅವ್ವ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯಂತೆ ೫,೦೦೦ ರೂಪಾಯಿ ಕೈಸಾಲ ತಂದಳು. ಅಕ್ಟೋಬರಿನಲ್ಲಿ ತೀರಿಸುವ ಹೊತ್ತಿಗೆ ಬಡ್ಡಿಯೇ ೧,೨೫೦ ಆಗಿತ್ತು. ಒಂದು ಮನೆಯನ್ನು ತಿಂಗಳು ಪೂರ್ತಿ ಗುಡಿಸಿ ಒರೆಸಿದ ಶ್ರಮಕ್ಕಿಂತ ಇದು ಐವತ್ತು ರೂಪಾಯಿ ಹೆಚ್ಚು. ಆ ಮನೆಯನ್ನು ಅವ್ವ ಸಾಹುಕಾರನಿಗಾಗಿ ಗುಡಿಸಿದಂತಾಯಿತು.

ಹೀಗೇಕಾಯಿತು? ವರ್ಷ ಬಡವಾಗಿರಲಿಲ್ಲ, ಮೂರು ತಿಂಗಳು ಬಡವಾಗಿದ್ದವು. ಒಳ್ಳೆಯ ತಿಂಗಳುಗಳ ಹಣ ಹಿಂದಿನ ಬೇಸಿಗೆಯ ಸಾಲಕ್ಕೆ, ಹಬ್ಬದ ಬಟ್ಟೆಗೆ, ತಮ್ಮನ ಜ್ವರಕ್ಕೆ, ನನ್ನ ಪರೀಕ್ಷೆಯ ಶುಲ್ಕಕ್ಕೆ ಹೋಯಿತು. ಇದರಲ್ಲಿ ಯಾವುದೂ ದುಂದುಗಾರಿಕೆಯಲ್ಲ. ಆದರೆ ಅಕ್ಟೋಬರಿನ ಹನ್ನೆರಡು ಸಾವಿರದಲ್ಲಿ ಮೇ ತಿಂಗಳ ಪಾಲೂ ಸೇರಿದೆಯೆಂದು ನೋಟು ತನ್ನ ಮೇಲೆ ಬರೆದುಕೊಂಡು ಬರುವುದಿಲ್ಲವಷ್ಟೆ! ಆದುದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಮನೆಗೆಲಸದವರ ಕಷ್ಟ ಕೂಲಿ ಕಡಿಮೆಯೆಂಬುದರಲ್ಲಿ ಅರ್ಧ ಮಾತ್ರ ಇದೆ, ಉಳಿದರ್ಧ ಕೂಲಿ ನಿಲುಕಡೆಯಿಲ್ಲದ್ದೆಂಬುದರಲ್ಲಿದೆ. ಮೊದಲ ಅರ್ಧವನ್ನು ಕುರಿತು ಮಾತಾಡುವವರು ಹಲವರಿದ್ದಾರೆ. ಎರಡನೆಯದನ್ನು ಕುರಿತು ಯಾರೂ ಮಾತಾಡುವುದಿಲ್ಲ.

ಈ ಏರುಪೇರಿಗೆ ಕಾರಣಗಳು ಗುಟ್ಟಿನವಲ್ಲ. ಪೇಟೆಯಲ್ಲಿ ಕೆಲಸಕ್ಕೆ ಕರೆಯುವ ಮನೆಗಳಲ್ಲಿ ಸಂಬಳದಾರರವೇ ಹೆಚ್ಚು. ಸರಕಾರಿ ನೌಕರರ ವರ್ಗಾವಣೆಗಳು ಸಾಮಾನ್ಯವಾಗಿ ಮೇ, ಜೂನ್ ತಿಂಗಳಲ್ಲಿ ಆಗುತ್ತವೆ. ಲಾರಿ ಬಂದು ಸಾಮಾನು ಹೊತ್ತೊಯ್ದರೆ ಒಂದು ಮನೆ ಹೋಯಿತು. ಅದೇ ತಿಂಗಳಲ್ಲಿ ಶಾಲೆಗಳಿಗೆ ರಜೆ. ರಾಯಚೂರಿನ ಬಿಸಿಲು ೪೦ ಡಿಗ್ರಿ ದಾಟುವ ಕಾಲದಲ್ಲಿ ಅನುಕೂಲವಿದ್ದವರು ಮಕ್ಕಳನ್ನು ಕರೆದುಕೊಂಡು ತವರಿಗೋ ತಂಪಿನ ಊರಿಗೋ ಹೋಗುತ್ತಾರೆ. ಅವರು ಹೋಗುವುದು ತಪ್ಪಲ್ಲ. ಬಾಗಿಲಿಗೆ ಬೀಗ ಬಿದ್ದೊಡನೆ ಕೂಲಿಗೂ ಬೀಗ ಬೀಳುತ್ತದೆ, ಅದು ಮಾತ್ರ ವಿಚಾರ ಮಾಡತಕ್ಕ ಸಂಗತಿ. ಇನ್ನು ಕೆಲವು ಮನೆಗಳಿಗೆ ಯಂತ್ರ ಬರುತ್ತದೆ, ಕೆಲವಕ್ಕೆ ಸೊಸೆ ಬರುತ್ತಾಳೆ, ಕೆಲವಕ್ಕೆ ಬಾಡಿಗೆಯ ಭಾರ ಹೆಚ್ಚಾಗಿ ಕೆಲಸದವಳನ್ನು ಬಿಡಬೇಕಾಗುತ್ತದೆ. ಒಂದು ಮನೆಯಲ್ಲಿ ಅವ್ವ ನಾಲ್ಕು ವರ್ಷ ದುಡಿದಿದ್ದಳು. ತಿಂಗಳ ಕೊನೆಯ ದಿನ ಸಂಜೆ, ಕೈ ಒರೆಸಿಕೊಂಡು ಹೊರಡುವಾಗ, “ನಾಳೆಯಿಂದ ಬೇಡಮ್ಮ” ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ದ್ವೇಷವಿರಲಿಲ್ಲ. ಹಾಲಿನವನಿಗೆ ನಾಳೆ ಅರ್ಧ ಲೀಟರ್ ಸಾಕೆಂದು ಹೇಳುವ ಸಹಜತೆಯಿತ್ತು. ನನ್ನ ಕೊನೆಯ ವರ್ಷದ ಪರೀಕ್ಷೆಯ ಶುಲ್ಕ ಕಟ್ಟುವ ತಿಂಗಳು ಅದು.

ಎಲ್ಲಕ್ಕಿಂತ ದೊಡ್ಡ ಇಳಿತವನ್ನು ನಾವೆಲ್ಲರೂ ಕಂಡಿದ್ದೇವೆ. ೨೦೨೦ರ ಮಾರ್ಚ್ ೨೫ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಅವ್ವನ ಮನೆಗಳು ಏಳರಿಂದ ಸೊನ್ನೆಗೆ ಬಂದವು. ಆಗ ಎರಡು ಮನೆಯವರು ಮಾತ್ರ, ಕೆಲಸವಿಲ್ಲದಿದ್ದರೂ ಎರಡು ತಿಂಗಳ ಹಣವನ್ನು ಕಳಿಸಿಕೊಟ್ಟರು. ಅವರು ಶ್ರೀಮಂತರಾಗಿರಲಿಲ್ಲ. ಆ ಎರಡು ಮನೆಗಳನ್ನು ಅವ್ವ ಇಂದಿಗೂ ಬಿಟ್ಟಿಲ್ಲ. ಬೇರೆಡೆ ಹೆಚ್ಚು ಕೊಡುತ್ತೇವೆಂದಾಗಲೂ ಬಿಡಲಿಲ್ಲ. ನಿಷ್ಠೆಯೆಂಬುದು ಎರಡೂ ಕಡೆಯಿಂದ ಬೆಳೆಯುವ ಬಳ್ಳಿಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಏರುಪೇರು ಬರಿಯ ಹಣವನ್ನಷ್ಟೇ ಕೆಡಿಸುವುದಿಲ್ಲ, ಕಸುಬನ್ನೂ ಕೆಡಿಸುತ್ತದೆ. ಮನೆಗಳು ಕಡಿಮೆಯಾದ ಬೇಸಿಗೆಯಲ್ಲಿ ಹೆಂಗಸರು ಒಬ್ಬರ ಮೇಲೊಬ್ಬರು ಬೆಲೆ ಇಳಿಸುತ್ತಾರೆ. ಒಬ್ಬಳು ೧,೨೦೦ ಕೇಳಿದ ಮನೆಗೆ ಇನ್ನೊಬ್ಬಳು ೯೦೦ಕ್ಕೆ ಬರುತ್ತೇನೆನ್ನುತ್ತಾಳೆ. ಹಸಿದವಳನ್ನು ಹೇಗೆ ಬಯ್ಯುವುದು? ಆದರೆ ಬರದ ತಿಂಗಳಲ್ಲಿ ಇಳಿದ ಬೆಲೆ ಸುಗ್ಗಿಯ ತಿಂಗಳಲ್ಲಿ ಏರುವುದಿಲ್ಲ. ಬಾಯಿಂದ ಬಾಯಿಗೆ ಹೋಗಿ ಬೀದಿಯ ಬೆಲೆಯೇ ಆಗಿಬಿಡುತ್ತದೆ. ಹಬ್ಬದ ಕಾಲದಲ್ಲಿ ಇದರ ವಿರುದ್ಧ. ನಾಳೆ ಇರುತ್ತದೋ ಇಲ್ಲವೋ ಎಂಬ ಹೆದರಿಕೆಯಿಂದ ಬಂದ ಕೆಲಸವನ್ನೆಲ್ಲ ಹಿಡಿಯುತ್ತಾರೆ. ಹತ್ತು ಮನೆಯ ನೆಲ ಒರೆಸಿದ ಮೊಣಕಾಲು ಹನ್ನೊಂದನೆಯ ದಿನ ಮಡಚುವುದಿಲ್ಲ. ಕೆಲಸ ಅರೆಬರೆಯಾಗುತ್ತದೆ, ಮನೆ ತಪ್ಪುತ್ತದೆ. ಹೆಚ್ಚಾದದ್ದೂ ಕಡಿಮೆಯಾದದ್ದೂ ಕೂಡಿ ಅವಳನ್ನು ಎರಡು ಕಡೆಯಿಂದ ಜಗ್ಗುತ್ತವೆ.

ಈ ಸಂದರ್ಭದಲ್ಲಿ ನನಗೆ ನೆನಪಾಗುವುದು ಆಯ್ದಕ್ಕಿ ಲಕ್ಕಮ್ಮನ ಕಥೆ. ಆಕೆಯೂ ಗಂಡ ಮಾರಯ್ಯನೂ ನಮ್ಮ ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆಂದು ಪರಂಪರೆ ಹೇಳುತ್ತದೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದು ನಮಗೇಕೆ, ಇದ್ದಲ್ಲಿಗೇ ಒಯ್ದು ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕಟ್ಟಿದಳಂತೆ. ಇದನ್ನು ನಿರಾಸೆಯ, ತೃಪ್ತಿಯ ಕಥೆಯೆಂದು ಶಾಲೆಯಲ್ಲಿ ಓದಿದ್ದೇವೆ. ಆ ಮಹಾತಾಯಿಗೆ ಕೈಮುಗಿದೇ ಹೇಳುತ್ತೇನೆ: ಲಕ್ಕಮ್ಮ ಇಂದಿನ ಹೆಚ್ಚಳವನ್ನು ಹಿಂದಿರುಗಿಸಿದ್ದು ಆಕೆಯ ಮನಸ್ಸಿನ ದೊಡ್ಡತನದಿಂದ ನಿಜ, ಆದರೆ ನಾಳೆಯೂ ಮಹಾಮನೆಯ ಅಂಗಳದಲ್ಲಿ ಅಕ್ಕಿ ಬಿದ್ದಿರುತ್ತದೆಂಬ ಭರವಸೆಯೂ ಆಕೆಗಿತ್ತು. ಅಂತಹ ಅಂಗಳ ಅವ್ವನಿಗಿಲ್ಲ. ನಾಳೆಯ ಭರವಸೆಯಿಲ್ಲದವರಿಗೆ ಅತಿಯಾಸೆ ಬೇಡವೆಂದು ಉಪದೇಶಿಸುವುದು ಸುಲಭ. ಅವರಿಗೆ ನಾಳೆಯ ಭರವಸೆ ಕೊಡುವುದು ಕಷ್ಟ. ಮೊದಲು ಕಷ್ಟದ್ದನ್ನು ಮಾಡೋಣ. ಕಸ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕನಂತಹ ಶರಣೆಯನ್ನು ಕಂಡ ನಾಡಿನಲ್ಲಿ ಈ ಕೆಲಸ ಕೀಳೆಂದು ಹೇಳುವವರಿಗೆ ನಾನು ಬೇರೆ ಉತ್ತರ ಕೊಡಬೇಕಾಗಿಲ್ಲ.

ಏರುಪೇರಿನ ದುಡಿಮೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಮಳೆಯನ್ನು ನಂಬಿದ ರೈತನ ಬಾಳೇ ಅದು. ಅವನು ಅದಕ್ಕೆ ಹಗೇವು ತೋಡಿದ. ಸುಗ್ಗಿಯಲ್ಲಿ ಬಂದ ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿಟ್ಟು, ಬರಗಾಲದಲ್ಲಿ ತೆಗೆಯುತ್ತಿದ್ದ. ಇನ್ನು ಊರಿನ ಕಸುಬುದಾರರಿಗೆ ಆಯದ ಪದ್ಧತಿಯಿತ್ತು. ಬಡಿಗ, ಕಮ್ಮಾರ, ಅಗಸ, ಕ್ಷೌರಿಕ ಮೊದಲಾದ ಆಯಗಾರರು ಒಂದೊಂದು ಕೆಲಸಕ್ಕೂ ಕೈಯೊಡ್ಡುತ್ತಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ವರ್ಷದ ಕಾಳನ್ನು ಪಡೆಯುತ್ತಿದ್ದರು. ಒಬ್ಬ ರೈತ ಎರಡು ತಿಂಗಳು ಯಾತ್ರೆಗೆ ಹೋದನೆಂದು ಅಗಸನ ಆಯ ಕಡಿಮೆಯಾಗುತ್ತಿರಲಿಲ್ಲ. ಆ ಪದ್ಧತಿಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಹುಟ್ಟಿನಿಂದಲೇ ಕಸುಬನ್ನು ಕಟ್ಟಿ, ತಲೆ ತಗ್ಗಿಸಿ ನಿಲ್ಲಿಸಿದ ಪದ್ಧತಿ ಅದು. ಅದು ಹೋದದ್ದೇ ಒಳ್ಳೆಯದಾಯಿತು. ಆದರೆ ಬಂಧನವನ್ನು ಎಸೆಯುವಾಗ ಅದರೊಳಗಿದ್ದ ಭರವಸೆಯನ್ನೂ ಎಸೆದುಬಿಟ್ಟೆವು. ಇಂದು ಮನೆಗೆಲಸದವಳಿಗೆ ಯಾವ ಮನೆಯನ್ನಾದರೂ ಬಿಡುವ ಸ್ವಾತಂತ್ರ್ಯವಿದೆ. ಯಾವ ಮನೆಯಾದರೂ ಅವಳನ್ನು ಬಿಡುವ ಸ್ವಾತಂತ್ರ್ಯವೂ ಇದೆ. ಮೊದಲನೆಯದು ಉಳಿಯಲಿ, ಎರಡನೆಯದಕ್ಕೆ ಒಂದು ಅಂಕೆಯಿರಲಿ.

ಹಾಗಾದರೆ ಮಾಡತಕ್ಕದ್ದೇನು? ನನಗೆ ತೋಚಿದ ನಾಲ್ಕು ಮಾತುಗಳನ್ನು ಹೇಳುತ್ತೇನೆ.

ಮೊದಲನೆಯದು ದುಡಿಯುವವಳೇ ಮಾಡಬಹುದಾದದ್ದು. ತಿಂಗಳು ತಿಂಗಳು ಇಷ್ಟು ಉಳಿಸು ಎಂಬ ಉಪದೇಶ ಏರುಪೇರಿನವರಿಗೆ ಹೊಂದುವುದಿಲ್ಲ. ಮೇ ತಿಂಗಳಲ್ಲಿ ಉಳಿಸುವುದೆಲ್ಲಿಂದ? ಅದಕ್ಕೆ ಬದಲಾಗಿ ಮನೆಯನ್ನೇ ಅಳತೆಗೋಲು ಮಾಡಿಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ ಆರು ಮನೆಯ ೭,೨೦೦ ರೂಪಾಯಿಯಿಂದ ತಿಂಗಳು ಸಾಗುತ್ತದೆ. ಹಾಗಾದರೆ ಏಳನೆಯ ಮನೆ, ಎಂಟನೆಯ ಮನೆ, ಹಬ್ಬದ ಬಿಡಿ ಕೆಲಸ ಇವು ಈ ತಿಂಗಳವಲ್ಲ, ಬೇಸಿಗೆಯವು. ಆ ವರ್ಷದ ಪುಸ್ತಕದಿಂದ ಇಂಥದನ್ನೆಲ್ಲ ಕೂಡಿಸಿದರೆ ೧೪,೪೦೦ ರೂಪಾಯಿ ಆಗುತ್ತದೆ. ಏಪ್ರಿಲ್, ಮೇ, ಜೂನ್ ಮೂರು ತಿಂಗಳ ಕೊರತೆ ೬,೬೦೦. ಅದನ್ನು ತುಂಬಿದ ಮೇಲೂ ೭,೮೦೦ ಉಳಿಯುತ್ತದೆ. ಅಂದರೆ ಸರಾಸರಿ ಒಂದು ತಿಂಗಳ ದುಡಿಮೆ. ಹಬ್ಬ, ಜಡ್ಡು, ಶುಲ್ಕಗಳಿಗೆ ಇದರಲ್ಲಿ ಬಹುಪಾಲು ಹೋಗುವುದೆಂದೇ ಇಟ್ಟುಕೊಂಡರೂ ಸಾಹುಕಾರನ ಬಾಗಿಲು ತಪ್ಪುತ್ತದೆ. ಸಾಲ ತೀರಿದ ಮೇಲೆ ಅವ್ವ ಈ ಕ್ರಮವನ್ನು ಹಿಡಿದಿದ್ದಾಳೆ. ಅವಳಿಗೆ ಅಕ್ಷರ ಬಾರದು. ಆದರೆ “ಇದು ಏಳನೇ ಮನಿದು” ಎಂದು ಬೇರೆ ಗಂಟು ಕಟ್ಟುವುದಕ್ಕೆ ಅಕ್ಷರ ಬೇಕಿಲ್ಲ.

ಗಂಟು ಮನೆಯಲ್ಲಿದ್ದರೆ ಕರಗುತ್ತದೆ. ಅದಕ್ಕೆ ಸಂಘ ಬೇಕು. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ೨೦೦೦-೦೧ರಲ್ಲಿ ಆರಂಭವಾಯಿತು; ಅಂತಹ ಸಂಘಗಳು ಇಂದು ಹಳ್ಳಿಹಳ್ಳಿಗೂ ತಿಳಿದ ವಿಷಯ. ಗುಜರಾತಿನ ಅಹಮದಾಬಾದಿನಲ್ಲಿ ಇಳಾ ಭಟ್ಟರು ೧೯೭೨ರಲ್ಲಿ ‘ಸೇವಾ’ ಸಂಘವನ್ನು ಕಟ್ಟಿದರು. ಅದರ ಹೆಸರಿನ ಅರ್ಥವೇ ಸ್ವಯಂ ಉದ್ಯೋಗಿ ಮಹಿಳೆಯರ ಸಂಘ. ತಲೆಹೊರೆಯವರು, ತರಕಾರಿ ಮಾರುವವರು, ಚಿಂದಿ ಆಯುವವರು, ಅಂದರೆ ನಾಳೆಯ ಗಳಿಕೆ ಎಷ್ಟೆಂದು ಹೇಳಲಾರದವರೇ ಅದರ ಸದಸ್ಯರು. ೧೯೭೪ರಲ್ಲಿ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಬ್ಯಾಂಕನ್ನು ತೆರೆದರು. ಇದು ಹೆಂಗಸರು ಕೂಡಿ ತೋಡಿದ ಹಗೇವಲ್ಲದೆ ಮತ್ತೇನು? ನಮ್ಮ ಸಂಘಗಳು ಒಂದು ಸಣ್ಣ ಬದಲಾವಣೆ ಮಾಡಿಕೊಂಡರೆ ಸಾಕು: ವಾರಕ್ಕಿಷ್ಟು ಎಂಬ ಕಟ್ಟುನಿಟ್ಟಿಗೆ ಬದಲಾಗಿ ಸುಗ್ಗಿಯಲ್ಲಿ ಹೆಚ್ಚು, ಬೇಸಿಗೆಯಲ್ಲಿ ಏನೂ ಇಲ್ಲ ಎಂಬ ಉಳಿತಾಯವನ್ನೂ ಒಪ್ಪಬೇಕು.

ಎರಡನೆಯದು ದುಡಿಯುವ ಹೆಂಗಸರು ತಮ್ಮತಮ್ಮೊಳಗೆ ಮಾಡಬಹುದಾದದ್ದು. ನಮ್ಮ ಓಣಿಯ ನಾಲ್ವರು ಒಂದೇ ಬಸ್ಸಿಗೆ ಪೇಟೆಗೆ ಹೋಗುತ್ತಾರೆ. ಒಬ್ಬಳಿಗೆ ಜಡ್ಡಾದರೆ ಇನ್ನೊಬ್ಬಳು ಆ ಮನೆಯನ್ನು ನೋಡಿಕೊಂಡು, ಗುಣವಾದ ಮೇಲೆ ತಿರುಗಿ ಒಪ್ಪಿಸಬೇಕೆಂದು ಮಾತಾಡಿಕೊಂಡಿದ್ದಾರೆ. ಇದರಿಂದ ಮನೆಯವರಿಗೂ ತೊಂದರೆಯಿಲ್ಲ, ಇವಳಿಗೂ ಮನೆ ತಪ್ಪುವುದಿಲ್ಲ. ಎಂಟು ಮನೆ ತುಂಬಿದವಳು ಒಂಬತ್ತನೆಯದನ್ನು ಮೂರು ಮನೆಯವಳಿಗೆ ತೋರಿಸುತ್ತಾಳೆ. ಇನ್ನೊಂದು ಮಾತನ್ನೂ ಅವರು ಕಟ್ಟಿಕೊಳ್ಳಬೇಕೆಂಬುದು ನನ್ನ ಆಸೆ: ಎಂತಹ ಬೇಸಿಗೆಯಲ್ಲಿಯೂ ಇಂತಿಷ್ಟಕ್ಕಿಂತ ಕಡಿಮೆಗೆ ಯಾರೂ ಹೋಗಬಾರದು. ಎಲ್ಲ ಮನೆಗಳನ್ನೂ ಒಂದೇ ನೌಕರರ ಕಾಲೊನಿಯಲ್ಲಿ ಹಿಡಿಯದೆ ಅಂಗಡಿಯವರ ಮನೆ, ವಯಸ್ಸಾದವರ ಮನೆ, ಆಸ್ಪತ್ರೆ ನಡೆಸುವವರ ಮನೆ ಹೀಗೆ ಹಂಚಿ ಹಿಡಿದರೂ ಒಳ್ಳೆಯದು. ಅಂಗಡಿಯವನಿಗೆ ವರ್ಗವಿಲ್ಲ, ಮುದುಕರು ಬೇಸಿಗೆಗೆ ಊರು ಬಿಡುವುದಿಲ್ಲ. ರೈತ ಜೋಳದ ಸಾಲಿನ ನಡುವೆ ತೊಗರಿಯನ್ನು ಬಿತ್ತುವುದು ಇದೇ ವಿವೇಕದಿಂದ.

ಮೂರನೆಯದು ಮನೆಯವರು ಮಾಡಬೇಕಾದದ್ದು. ಇದೇ ಮುಖ್ಯವಾದುದು. ಎರಡೇ ಸಂಗತಿ ಸಾಕು. ಬಿಡಿಸುವುದಾದರೆ ಒಂದು ತಿಂಗಳು ಮುಂಚೆ ತಿಳಿಸಿ. ಊರಿಗೆ ಹೋಗುವುದಾದರೆ ಆ ದಿನಗಳಿಗೆ ಅರ್ಧ ಕೂಲಿಯನ್ನಾದರೂ ಕೊಡಿ. ನಮ್ಮ ಪುಸ್ತಕದಲ್ಲಿ ಆ ಏಪ್ರಿಲ್, ಮೇ ತಿಂಗಳಲ್ಲಿ ಊರಿಗೆ ಹೋಗಿದ್ದ ಮನೆಗಳು ಎರಡು. ಇನ್ನೊಂದು ವರ್ಗವಾಗಿ ಹೋದದ್ದು. ಆ ಎರಡು ಮನೆಯವರು ತಿಂಗಳಿಗೆ ತಲಾ ೬೦೦ ರೂಪಾಯಿ ಕೊಟ್ಟಿದ್ದರೆ ಎರಡು ತಿಂಗಳ ಕೊರತೆ ೫,೬೦೦ರಿಂದ ೩,೨೦೦ಕ್ಕೆ ಇಳಿಯುತ್ತಿತ್ತು.

ಇದಕ್ಕೆ ಆಕ್ಷೇಪಣೆ ಬರುತ್ತದೆಂದು ಬಲ್ಲೆ. “ಕೆಲಸವಿಲ್ಲದೆ ಕೂಲಿಯೇಕೆ?” ಎನ್ನುವರು. ಊರಿಗೆ ಹೋದ ತಿಂಗಳು ಮನೆಯ ಬಾಡಿಗೆ ನಿಲ್ಲುವುದೇ? ಗೋಡೆ ನಿಮಗಾಗಿ ಕಾದಿರುತ್ತದೆಂದು ಗೋಡೆಗೆ ಹಣ ಕೊಡುತ್ತೀರಿ. ನಿಮಗಾಗಿ ಕಾದಿರುವ ಮನುಷ್ಯರಿಗೆ ಕೊಡುವುದು ಅನ್ಯಾಯವೇ? ಆ ಹೊತ್ತನ್ನು ಅವಳು ಬೇರೆಯವರಿಗೆ ಕೊಟ್ಟುಬಿಟ್ಟರೆ ಜೂನ್‌ನಲ್ಲಿ ನೀವು ತಿರುಗಿ ಬಂದಾಗ ಯಾರನ್ನು ಹುಡುಕುತ್ತೀರಿ? ಅಷ್ಟೇಕೆ, ಬೇಸಿಗೆಯ ರಜೆಯಲ್ಲಿ ಸಂಬಳ ಪಡೆಯುವವರೇ ಬೇಸಿಗೆಯ ಕೂಲಿಯನ್ನು ತಡೆಯುವುದು ಶೋಭಿಸುವುದಿಲ್ಲ. “ಅವರು ಹೇಳದೆ ಕೇಳದೆ ರಜೆ ಮಾಡುತ್ತಾರಲ್ಲ” ಎಂಬುದು ಇನ್ನೊಂದು ಆಕ್ಷೇಪಣೆ. ಅದು ನಿಜವಿದ್ದರೂ ಇರಬಹುದು. ಹೇಳದೆ ಬಿಡಿಸುವ ರೂಢಿ ಇರುವಲ್ಲಿ ಹೇಳದೆ ನಿಲ್ಲುವ ರೂಢಿಯೂ ಬೆಳೆಯುತ್ತದೆ. ಮಾತು ಎರಡೂ ಕಡೆಗೆ ಇರಲಿ: ಅವಳೂ ಮುಂಚಿತವಾಗಿ ತಿಳಿಸಲಿ, ಬದಲಿಗೆ ಒಬ್ಬಳನ್ನು ಕಳಿಸಲಿ, ನೀವೂ ತಿಳಿಸಿ.

ನಾಲ್ಕನೆಯದು ಸರಕಾರದ ಪಾಲು. ಕರ್ನಾಟಕ ಸರಕಾರ ೨೦೦೪ರಲ್ಲಿಯೇ ಮನೆಗೆಲಸಕ್ಕೆ ಕನಿಷ್ಠ ಕೂಲಿಯನ್ನು ಗೊತ್ತುಮಾಡಿತು. ಅದರ ಹಿಂದೆ ಹೆಂಗಸರ ಸಂಘಟನೆಗಳ ದೀರ್ಘ ಶ್ರಮವಿತ್ತು. ಬೆಂಗಳೂರಿನಲ್ಲಿ ಮನೆಗೆಲಸದವರನ್ನೂ ಕೊಳೆಗೇರಿಯ ಹೆಂಗಸರನ್ನೂ ಸಂಘಟಿಸಿದ ರೂತ್ ಮನೋರಮಾ ಅವರಿಗೆ ೨೦೦೬ರಲ್ಲಿ ‘ರೈಟ್ ಲೈವ್ಲಿಹುಡ್’ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿತು. ೨೦೦೮ರಲ್ಲಿ ಪಾರ್ಲಿಮೆಂಟು ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯಿದೆಯನ್ನು ಮಾಡಿತು. ಅದರ ಸ್ಥಾನಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ೨೦೨೫ರ ನವೆಂಬರ್ ೨೧ರಿಂದ ಬಂದಿದೆ. ೨೦೨೧ರ ಆಗಸ್ಟ್‌ನಲ್ಲಿ ಇ-ಶ್ರಮ್ ಎಂಬ ನೋಂದಣಿ ಆರಂಭವಾಗಿ ಅಸಂಘಟಿತ ಕಾರ್ಮಿಕರಿಗೆ ಹನ್ನೆರಡು ಅಂಕಿಯ ಸಂಖ್ಯೆಯೊಂದು ದೊರೆಯುವಂತಾಯಿತು. ೨೦೨೫ರಲ್ಲಿ ನಮ್ಮ ರಾಜ್ಯ ಸರಕಾರ ಮನೆಗೆಲ­ಸದವರ ಸಾಮಾಜಿಕ ಭದ್ರತೆಗಾಗಿಯೇ ಒಂದು ಮಸೂದೆಯ ಕರಡನ್ನು ಪ್ರಕಟಿಸಿ ಜನರ ಅಭಿಪ್ರಾಯವನ್ನು ಕೇಳಿತು. ಇವೆಲ್ಲ ಸ್ವಾಗತಾರ್ಹ ಹೆಜ್ಜೆಗಳು.

ಆದರೆ ಇಲ್ಲೊಂದು ತೊಡಕಿದೆ. ಕನಿಷ್ಠ ಕೂಲಿ ದುಡಿದ ಹೊತ್ತಿನ ಬೆಲೆಯನ್ನು ಹೇಳುತ್ತದೆ. ದುಡಿಯಲು ಮನೆ ಸಿಕ್ಕುವುದೇ ಎಂಬುದನ್ನು ಹೇಳುವುದಿಲ್ಲ. ಎಂಟು ಮನೆಯಲ್ಲಿ ದುಡಿಯುವವಳಿಗೆ ಯಜಮಾನನಾರು? ಪ್ರತಿಯೊಬ್ಬರೂ ಉಳಿದ ಏಳು ಮನೆಯನ್ನು ತೋರಿಸುತ್ತಾರೆ. ಬೆಲ್ಜಿಯಂ ದೇಶದಲ್ಲಿ ಈ ತೊಡಕಿಗೆ ೨೦೦೪ರಿಂದ ಒಂದು ಉಪಾಯ ನಡೆಯುತ್ತಿದೆ. ಅಲ್ಲಿ ಮನೆ ಶುಚಿ ಮಾಡಿಸಿಕೊಳ್ಳುವವರು ಗಂಟೆಗೊಂದರಂತೆ ಚೀಟಿಗಳನ್ನು ಕೊಳ್ಳುತ್ತಾರೆ. ಬೆಲೆಯ ಒಂದು ಪಾಲನ್ನು ಸರಕಾರ ಭರಿಸುತ್ತದೆ. ಕೆಲಸ ಮಾಡುವವರು ಮಾನ್ಯತೆ ಪಡೆದ ಸಂಸ್ಥೆಯೊಂದರ ನೌಕರರಾಗಿರುತ್ತಾರೆ. ಮನೆಗಳನ್ನು ಹುಡುಕುವ ಭಾರ ಆ ಸಂಸ್ಥೆಯದು. ಅವರ ಹಣ, ಅವರ ಬೊಕ್ಕಸ ನಮಗಿಲ್ಲ. ಆದರೂ ಅದರ ತತ್ತ್ವವನ್ನು ತೆಗೆದುಕೊಳ್ಳಬಹುದು: ಏರುಪೇರಿನ ಭಾರವನ್ನು ಅತಿ ದುರ್ಬಲಳಾದವಳ ತಲೆಯ ಮೇಲಷ್ಟೇ ಹೊರಿಸಬಾರದು. ಕರಡು ಮಸೂದೆ ಕಾಯಿದೆಯಾಗುವಾಗ ಒಂದು ತಿಂಗಳ ಮುನ್ಸೂಚನೆಯ ಮಾತು ಅದರಲ್ಲಿರಬೇಕು. ಕಲ್ಯಾಣನಿಧಿಯಿಂದ ಬೇಸಿಗೆಯಲ್ಲಿ ಬಡ್ಡಿಯಿಲ್ಲದ ಸಣ್ಣ ಸಾಲವೊಂದು ದೊರೆಯುವಂತಾದರೆ, ನೂರಕ್ಕೆ ಐದರ ಬಡ್ಡಿಗೆ ತಾನಾಗಿಯೇ ಬಾಗಿಲು ಮುಚ್ಚುತ್ತದೆ.

ಕೊನೆಯದಾಗಿ ನನ್ನ ಸಹಪಾಠಿಗಳಲ್ಲಿ ಒಂದು ವಿನಂತಿ. ನಮ್ಮಲ್ಲಿ ಅನೇಕರು ಮನೆಗೆ ಮೊದಲನೆಯ ಪದವೀಧರರು. ದೇವರು ನಡೆಸಿದರೆ ನಾಳೆ ನಮ್ಮಲ್ಲಿ ಕೆಲವರು ಉಪಾಧ್ಯಾಯರು, ಗುಮಾಸ್ತರು, ತಲಾಟಿಗಳು ಆಗಬಹುದು. ತಿಂಗಳ ಮೊದಲ ದಿನ ತಪ್ಪದೆ ಬರುವ ಸಂಬಳದ ರುಚಿಯನ್ನು ನಮ್ಮ ತಂದೆತಾಯಿಗಳು ಕಂಡರಿಯರು, ನಾವು ಕಾಣುತ್ತೇವೆ. ಆಗ ನಮ್ಮ ಬಾಗಿಲಿಗೂ ಒಬ್ಬಳು ಕೆಲಸ ಕೇಳಿಕೊಂಡು ಬರುತ್ತಾಳೆ. ಅವಳಿಗೆ ಹಬ್ಬಕ್ಕೊಂದು ಹಳೆಯ ಸೀರೆ, ಉಳಿದ ಪಲ್ಯ ಕೊಟ್ಟು ಉದಾರಿಗಳೆನ್ನಿಸಿಕೊಳ್ಳುವುದು ಬೇಡ. ಮೊದಲ ದಿನವೇ ಕೂತು ಮಾತಾಡೋಣ: ಕೂಲಿ ಎಷ್ಟು, ವಾರದ ರಜೆ ಯಾವುದು, ಊರಿಗೆ ಹೋದಾಗ ಕೊಡುವುದೆಷ್ಟು, ಬಿಡುವುದಾದರೆ ಎಷ್ಟು ದಿನ ಮುಂಚೆ ಹೇಳತಕ್ಕದ್ದು. ಅದನ್ನು ಒಂದು ಹಾಳೆಯ ಮೇಲೆ ಬರೆದು, ಓದಲು ಬಾರದವಳಿಗೆ ಓದಿ ಹೇಳಿ, ಅವಳ ಕೈಗೂ ಒಂದು ಪ್ರತಿಯನ್ನು ಕೊಡೋಣ. ನಾವು ಪಡೆದ ಪದವಿಯಿಂದ ಇಷ್ಟಾದರೂ ಆಗಲಿ. ಆ ಹಾಳೆಯನ್ನು ಅವಳ ಮಗಳು ಮನೆಯಲ್ಲಿ ಮತ್ತೊಮ್ಮೆ ಓದುತ್ತಾಳೆ. ಬರುವ ಮೇ ತಿಂಗಳ ಶುಲ್ಕಕ್ಕೆ ದಾರಿಯಿದೆಯೆಂದು ತಿಳಿದು ತನ್ನ ಪಾಠದ ಪುಸ್ತಕವನ್ನು ತೆರೆಯುತ್ತಾಳೆ.